‘ವಿಶೇಷ ಏನಾದ್ರೂ ಉಂಟಾ?’

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ನಮ್ಮವರ ಮನೆಯ ಸತ್ಯನಾರಾಯಣ ಪೂಜೆಗೆ ಹೋದರೆ ಪ್ರಸಾದದ ಜೊತೆ ಒಂದು ಪ್ರಶ್ನೆಯೂ ಸಿಗುತ್ತದೆ. ಮದುವೆಯಾಗಿ ಒಂದೆರಡು ವರ್ಷವಾದ ಹುಡುಗಿ ಕಣ್ಣಿಗೆ ಬಿದ್ದರೆ ಸಾಕು, ‘ಎಂತ, ವಿಶೇಷ ಏನಾದ್ರೂ ಉಂಟಾ?’ ಕಳೆದ ಶ್ರಾವಣದಲ್ಲಿ ನನ್ನ ತಂಗಿಯ ಸೊಸೆಗೆ ಒಂದೇ ಮಧ್ಯಾಹ್ನ ಐದು ಸಲ ಈ ಪ್ರಶ್ನೆ ಬಂತು. ಅವಳ ಗಂಡ ಅಲ್ಲೇ ಪಕ್ಕದಲ್ಲಿ ಪಾಯಸ ಸುರಿಯುತ್ತಿದ್ದ. ಅವನನ್ನು ಯಾರೂ ಕೇಳಲಿಲ್ಲ.

ವಾಪಸು ಬರುವಾಗ ಲೋಕಲ್ ಟ್ರೇನಿನ ಲೇಡೀಸ್ ಡಬ್ಬದಲ್ಲಿ ಅವಳೂ ನಾನೂ ಎದುರುಬದುರು ಕೂತಿದ್ದೆವು. ಕಿಟಕಿಯ ಮೇಲೆ ಯಾರೋ ಬಾಬಾನ ಚೀಟಿ. ಪ್ರೇಮ ವೈಫಲ್ಯ, ಕೋರ್ಟು ಕೇಸು, ಸಂತಾನ ಸಮಸ್ಯೆ, ಎಲ್ಲಕ್ಕೂ ಗ್ಯಾರಂಟಿ ಪರಿಹಾರ. ಅದನ್ನೇ ನೋಡುತ್ತಿದ್ದವಳು ಮೆಲ್ಲಗೆ ಕೇಳಿದಳು: ‘ದೊಡ್ಡಮ್ಮ, ಪ್ರತಿ ತಿಂಗಳೂ 14ನೇ ದಿನ ಲೆಕ್ಕ ಇಟ್ಟು ನೋಡ್ತಿದ್ದೇವೆ. ಆದ್ರೂ ಯಾಕೆ ಆಗ್ತಿಲ್ಲ?’

ನಿನಗೆ ಎಷ್ಟು ದಿನಕ್ಕೊಮ್ಮೆ ಮುಟ್ಟಾಗುತ್ತದೆ ಎಂದು ಕೇಳಿದೆ. ಸುಮಾರು 35 ದಿನಕ್ಕೆ ಅಂದಳು. ಹಾಗಾದರೆ ಲೆಕ್ಕವೇ ತಪ್ಪಿತಲ್ಲ!

ನಾನು ಮಹಾನಗರ ಪಾಲಿಕೆಯ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಪ್ರಜನನದ ಪಾಠ ಬಂದಾಗಲೆಲ್ಲ ‘ಇದನ್ನು ಮನೆಯಲ್ಲಿ ಓದಿಕೊಳ್ಳಿ’ ಎಂದು ಪುಟ ತಿರುಗಿಸಿದವಳೂ ಹೌದು. ಮನೆಯಲ್ಲಿ ಯಾರು ಹೇಳಿಕೊಡುತ್ತಾರೆ? ಆ ಬಾಕಿ ಪಾಠವನ್ನು ಮುಲುಂಡ್ ಬರುವವರೆಗೆ ಅವಳಿಗೆ ಹೇಳಿದೆ. ಹೇಳಲು ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ 14ರ ವಿಚಾರ. ಅಂಡಾಶಯದಿಂದ ಅಂಡ ಹೊರಬಿದ್ದ ಮೇಲೆ ಮುಂದಿನ ಮುಟ್ಟು ಬರಲು ಸುಮಾರು 14 ದಿನ ಹಿಡಿಯುತ್ತದೆ. ಈ ಎರಡನೇ ಅರ್ಧ ಹೆಚ್ಚು ಕಡಿಮೆ ಒಂದೇ ಸಮನಾಗಿರುತ್ತದೆ. ಹಿಗ್ಗುವುದು ಕುಗ್ಗುವುದು ಮೊದಲನೇ ಅರ್ಧ. ಅಂದರೆ 14ನ್ನು ಹಿಂದಿನಿಂದ ಎಣಿಸಬೇಕು. 28 ದಿನದ ಚಕ್ರದವರಿಗೆ ಎತ್ತಲಿಂದ ಎಣಿಸಿದರೂ 14 ಬರುತ್ತದೆ. ಅದಕ್ಕೇ ಆ ಸಂಖ್ಯೆ ಎಲ್ಲರ ಬಾಯಲ್ಲಿ ಕೂತುಬಿಟ್ಟಿದೆ. 35 ದಿನದವಳಿಗೆ ಅಂಡ ಬಿಡುಗಡೆಯಾಗುವುದು 21ನೇ ದಿನದ ಆಸುಪಾಸಿನಲ್ಲಿ. ಇವರಿಬ್ಬರು ಒಂದು ವಾರ ಮೊದಲೇ ಸ್ಟೇಷನ್ನಿಗೆ ಹೋಗಿ, ಟ್ರೇನ್ ಇಲ್ಲ ಅಂತ ಮನೆಗೆ ಬರುತ್ತಿದ್ದರು.

ಟ್ರೇನಿನ ಮಾತು ಸುಮ್ನೆ ಹೇಳಿದ್ದಲ್ಲ. ಹೊರಬಿದ್ದ ಅಂಡದ ಆಯುಸ್ಸು 12ರಿಂದ 24 ಗಂಟೆ ಮಾತ್ರ. ಫಾಸ್ಟ್ ಲೋಕಲ್ ಇದ್ದ ಹಾಗೆ, ನಿಂತಿತು, ಹೋಯಿತು. ವೀರ್ಯಾಣುಗಳು ಹಾಗಲ್ಲ. ಒಳಗೆ ಸರಿಯಾದ ಲೋಳೆ ಸಿಕ್ಕರೆ 5 ದಿನದವರೆಗೂ ಬದುಕಿರುತ್ತವೆ. ಹಾಗಾಗಿ ಬಸಿರು ನಿಲ್ಲಬಹುದಾದ ಕಾಲ ತಿಂಗಳಿಗೆ ಸುಮಾರು 6 ದಿನ: ಅಂಡ ಬರುವ ದಿನ ಮತ್ತು ಅದಕ್ಕಿಂತ ಮುಂಚಿನ 5 ದಿನ. ಪ್ರಯಾಣಿಕರು ಮುಂಚೆಯೇ ಬಂದು ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಿರಬೇಕು. ಅಂಡ ಬಂದ ಮಾರನೇ ದಿನ ಓಡಿದರೆ ಪ್ರಯೋಜನವಿಲ್ಲ. ದಿನ ಎಣಿಸುವ ತಲೆನೋವೇ ಬೇಡವೆಂದರೆ ಡಾಕ್ಟರುಗಳು ಹೇಳುವ ಸರಳ ಉಪಾಯವೊಂದಿದೆ. ಆ ತಿಂಗಳ ಮುಟ್ಟಿನ ದಿನಗಳು ಮುಗಿದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಕೂಡಿದರೆ ಆಯಿತು, ಆ ಆರು ದಿನ ಎಲ್ಲಿದ್ದರೂ ತಪ್ಪಿಸಿಕೊಳ್ಳುವುದಿಲ್ಲ. ದೇಹವೂ ಸೂಚನೆ ಕೊಡುತ್ತದೆ. ಆ ದಿನಗಳಲ್ಲಿ ಬಿಳಿ ಸ್ರಾವ ತೆಳುವಾಗಿ, ಹಸಿ ಮೊಟ್ಟೆಯ ಬಿಳಿಯ ಹಾಗೆ ಎಳೆದರೆ ಎಳೆಯಾಗುತ್ತದೆ. ‘ಅಯ್ಯೋ, ಅದು ಇನ್‌ಫೆಕ್ಷನ್ ಅಂದ್ಕೊಂಡಿದ್ದೆ ದೊಡ್ಡಮ್ಮ’ ಅಂದಳು.

ಅಂಡಗಳ ಲೆಕ್ಕ ನನಗೆ ಯಾವಾಗಲೂ ಸೋಜಿಗ. ಹೆಣ್ಣು ಮಗು ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳಿದ್ದಾಗ ಅದರ ಅಂಡಾಶಯದಲ್ಲಿ 60ರಿಂದ 70 ಲಕ್ಷ ಅಂಡಗಳಿರುತ್ತವೆ. ಹುಟ್ಟುವಾಗ 10ರಿಂದ 20 ಲಕ್ಷಕ್ಕೆ ಇಳಿದಿರುತ್ತದೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ. ಇಡೀ ಜೀವಮಾನದಲ್ಲಿ ಹೊರಬರುವುದು 400ರಿಂದ 500. ಹೊಸದಾಗಿ ಹುಟ್ಟುವ ವ್ಯವಸ್ಥೆ ಇಲ್ಲ, ಬಂದ ಕಂತೆಯಲ್ಲೇ ಸಂಸಾರ. ಅಜ್ಜಿ ನನ್ನ ಅಮ್ಮನನ್ನು ಹೊತ್ತಾಗಲೇ ನಾನಾಗಬೇಕಿದ್ದ ಅಂಡವೂ ಅಲ್ಲಿತ್ತು ಅಂದ ಹಾಗಾಯಿತು!

ವಯಸ್ಸಿನ ಮಾತು ಬರುವುದೂ ಇಲ್ಲೇ. 32 ವರ್ಷದವಳ ಅಂಡಕ್ಕೂ 32 ವರ್ಷ ದಾಟಿರುತ್ತದೆ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅರ್ಧಕ್ಕೆ ನಿಲ್ಲಿಸಿಟ್ಟ ಕೋಶವಿಭಜನೆಯನ್ನು ಅಂಡ ಅಷ್ಟು ವರ್ಷಗಳ ನಂತರ ಮುಂದುವರಿಸುವಾಗ ವಂಶವಾಹಿಗಳನ್ನು ಹೊತ್ತ ಕ್ರೋಮೊಸೋಮ್‌ಗಳ ಹಂಚಿಕೆ ಎಡವಟ್ಟಾಗುವುದು ಜಾಸ್ತಿ. 35ರ ನಂತರ ಇದು ಬೇಗ ಬೇಗ ಏರುತ್ತದೆ. ಇಪ್ಪತ್ತರ ಕೊನೆಯಲ್ಲಿರುವ ಆರೋಗ್ಯವಂತ ಜೋಡಿಗೆ ಒಂದು ತಿಂಗಳಲ್ಲಿ ಬಸಿರು ನಿಲ್ಲುವ ಸಾಧ್ಯತೆ ನೂರಕ್ಕೆ 20ರಿಂದ 25. 40ಕ್ಕೆ ಬಂದಾಗ ಸುಮಾರು 5. ಮೊದಲಿನದನ್ನು ಇನ್ನೊಮ್ಮೆ ನೋಡಿ. ಎಲ್ಲ ಸರಿಯಿದ್ದವರಿಗೂ ನಾಲ್ಕರಲ್ಲಿ ಮೂರು ತಿಂಗಳು ‘ವಿಶೇಷ’ ಇರುವುದಿಲ್ಲ. ಮನುಷ್ಯರು ಈ ವಿಷಯದಲ್ಲಿ ಅಷ್ಟೇನೂ ಚುರುಕಲ್ಲ.

ಗಂಡಸರ ಕಡೆ ಕಾರ್ಖಾನೆಯ ವ್ಯವಸ್ಥೆ. ಹದಿಹರೆಯದಿಂದ ಶುರುವಾಗಿ ಮುಪ್ಪಿನವರೆಗೆ ನಡೆಯುತ್ತದೆ. ಒಂದು ವೀರ್ಯಾಣು ತಯಾರಾಗಲು ಸುಮಾರು 70 ದಿನ ಬೇಕು. ಈ ಸಂಖ್ಯೆ ನೆನಪಿರಲಿ, ಆಮೇಲೆ ಮತ್ತೆ ಬರುತ್ತದೆ. ವೃಷಣಗಳು ಮೈಯಿಂದ ಹೊರಗೆ ತೂಗುವುದಕ್ಕೂ ಕಾರಣವಿದೆ. ಅಲ್ಲಿ ಮೈಯ ಬಿಸಿಗಿಂತ ಎರಡು ಮೂರು ಡಿಗ್ರಿ ಕಡಿಮೆ ಇದ್ದರೆ ಮಾತ್ರ ಕೆಲಸ ಸರಿಯಾಗಿ ಸಾಗುತ್ತದೆ. ಜೋರು ಜ್ವರ ಬಂದು ಹೋದರೆ ಎರಡು ಮೂರು ತಿಂಗಳು ಉತ್ಪಾದನೆ ಇಳಿಯಬಹುದು. ತಂಬಾಕು, ಕುಡಿತದ ಮಾತು ಹೊಸದೇನಲ್ಲ. ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು ಜಿಮ್ಮಿನ ಇಂಜೆಕ್ಷನ್. ಮೈ ಕಟ್ಟಲು ಗಂಡಸಿನ ಹಾರ್ಮೋನಾದ ಟೆಸ್ಟೊಸ್ಟೆರಾನ್ ಚುಚ್ಚಿಸಿಕೊಂಡರೆ, ‘ಇದು ಹೊರಗಿಂದಲೇ ಬರುತ್ತಿದೆಯಲ್ಲ’ ಎಂದು ಮೆದುಳು ವೃಷಣಕ್ಕೆ ಆರ್ಡರ್ ಕೊಡುವುದನ್ನೇ ನಿಲ್ಲಿಸುತ್ತದೆ. ನೋಡಲು ಪೈಲ್ವಾನ, ರಿಪೋರ್ಟಿನಲ್ಲಿ ಸೊನ್ನೆ.

ಅಂಡ ಮತ್ತು ವೀರ್ಯಾಣು ಕೂಡುವುದು ಗರ್ಭಕೋಶದಲ್ಲಿ ಎಂದು ಬಹಳ ಜನ ತಿಳಿದಿದ್ದಾರೆ. ಕೂಡುವುದು ಅಂಡನಾಳದಲ್ಲಿ, ಎಲ್ಲರೂ ‘ಟ್ಯೂಬು’ ಅನ್ನುತ್ತಾರಲ್ಲ, ಆ ಹತ್ತು ಸೆಂಟಿಮೀಟರಿನ ದಾರಿಯಲ್ಲಿ. ಹೊರಟ ಕೋಟಿಗಟ್ಟಲೆ ವೀರ್ಯಾಣುಗಳಲ್ಲಿ ಅಲ್ಲಿಗೆ ತಲುಪುವುದು ಕೆಲವು ನೂರು. ಒಳಹೋಗುವುದು ಒಂದು. ಕೂಡಿದ ಭ್ರೂಣ ಒಡೆದು ಎರಡಾಗಿ, ನಾಲ್ಕಾಗಿ, ಮೂರು ನಾಲ್ಕು ದಿನ ತೆವಳಿ ಗರ್ಭಕೋಶಕ್ಕೆ ಬಂದು, ಆರನೇ ದಿನದ ಹೊತ್ತಿಗೆ ಗೋಡೆಗೆ ಅಂಟಿಕೊಳ್ಳುತ್ತದೆ. ಅಂಟಿದ ಮೇಲೆಯೇ ಎಚ್‌ಸಿಜಿ ಎಂಬ ಹಾರ್ಮೋನು ಹೊರಡುವುದು. ಮೆಡಿಕಲ್‌ನಲ್ಲಿ ಸಿಗುವ ಕಿಟ್ಟಿನಲ್ಲಿ ಎರಡನೇ ಗೆರೆ ಮೂಡಿಸುವುದು ಇದೇ. ಅದಕ್ಕೇ ಮುಟ್ಟು ತಪ್ಪುವ ಮುಂಚೆ ಕಿಟ್ ಹಾಕಿ ಅಳುತ್ತ ಕೂರಬಾರದು.

ಹಾಗಾದರೆ ಡಾಕ್ಟರ ಬಳಿ ಹೋಗುವುದು ಯಾವಾಗ? ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ. ಹೆಂಗಸಿಗೆ 35 ದಾಟಿದ್ದರೆ ಆರು ತಿಂಗಳಿಗೇ. ಮುಟ್ಟು ತೀರಾ ಏರುಪೇರಿದ್ದರೆ ಅಷ್ಟೂ ಕಾಯುವುದು ಬೇಡ. ಇದು ಅಪರೂಪದ ಕಷ್ಟವೂ ಅಲ್ಲ. ಜಗತ್ತಿನಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ ಬದುಕಿನ ಯಾವುದೋ ಹಂತದಲ್ಲಿ ಇದು ಕಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು.

ಮೊದಲು ಯಾರ ಪರೀಕ್ಷೆ? ನನ್ನ ಉತ್ತರ ಖಂಡಿತ: ಗಂಡನದು. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣ ಪೂರ್ತಿಯಾಗಿಯೋ ಪಾಲಾಗಿಯೋ ಇರುತ್ತದೆ. ಅವನ ಪರೀಕ್ಷೆಗೆ ಸೂಜಿಯಿಲ್ಲ, ನೋವಿಲ್ಲ, ಖರ್ಚೂ ಕಡಿಮೆ. ಎರಡರಿಂದ ಏಳು ದಿನ ಬಿಟ್ಟು ಒಂದು ಡಬ್ಬಿಯಲ್ಲಿ ವೀರ್ಯ ಕೊಟ್ಟರೆ ಮುಗಿಯಿತು. ಆದರೆ ನಮ್ಮಲ್ಲಿ ಹುಡುಗಿಗೆ ಸ್ಕ್ಯಾನ್, ಡೈ ಹಾಕಿ ಎಕ್ಸ್‌ರೇ, ಕೊನೆಗೆ ಹೊಟ್ಟೆಯೊಳಗೆ ದುರ್ಬೀನು, ಎಲ್ಲ ಆದ ಮೇಲೆ ‘ಇವರದ್ದೂ ಒಮ್ಮೆ ನೋಡೋಣ’ ಎನ್ನುತ್ತಾರೆ. ನಮ್ಮ ಭಾಷೆಯೇ ಹಾಗಿದೆ. ‘ಬಂಜೆ’ ಎಂಬ ಪದಕ್ಕೆ ಆಡುಮಾತಿನಲ್ಲಿ ಗಂಡಸಿನ ಜೋಡಿ ಪದ ಇಲ್ಲ. ಇರುವ ‘ಷಂಡ’ ಬೇರೆಯೇ ವಿಷಯ, ಅದು ಹಾಸಿಗೆಯ ಸಾಮರ್ಥ್ಯದ ಬಗ್ಗೆ. ಹಾಸಿಗೆಯಲ್ಲಿ ಯಾವ ತೊಂದರೆಯೂ ಇಲ್ಲದವನ ವೀರ್ಯದಲ್ಲಿ ಒಂದೂ ವೀರ್ಯಾಣು ಇಲ್ಲದಿರಬಹುದು. ಇವೆರಡನ್ನೂ ಒಂದೇ ಎಂದುಕೊಂಡು ಎಷ್ಟು ಗಂಡಸರು ಲ್ಯಾಬಿನ ಮೆಟ್ಟಿಲು ಹತ್ತದೆ ಉಳಿದಿದ್ದಾರೋ.

ಆ ರಿಪೋರ್ಟು ಓದುವುದೂ ಒಂದು ವಿದ್ಯೆ. ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು ಇದ್ದರೆ ಕೆಳಗಿನ ಮಿತಿ ದಾಟಿದ ಹಾಗೆ. ಆಕಾರ ಸರಿಯಿರುವವು ನೂರಕ್ಕೆ 4 ಇದ್ದರೂ ಸಾಕು. ಇದು ಗೊತ್ತಿಲ್ಲದೆ ‘96 ಪರ್ಸೆಂಟ್ ಕೆಟ್ಟಿದೆ’ ಎಂದು ಊಟ ಬಿಟ್ಟವರುಂಟು. ಒಂದು ರಿಪೋರ್ಟು ಸರಿ ಬರದಿದ್ದರೆ ಮತ್ತೊಂದು ಮಾಡಿಸದೆ ತೀರ್ಮಾನಕ್ಕೆ ಬರಬಾರದು. ಸಿಗರೇಟು ಬಿಟ್ಟ ಲಾಭ ಅದರಲ್ಲಿ ಕಾಣಬೇಕಾದರೆ ಮೂರು ತಿಂಗಳು ಬೇಕು. ಆ 70 ದಿನದ ಲೆಕ್ಕ ಇದೇ.

ಹೆಂಗಸಿನ ಕಡೆ ಜಾಸ್ತಿ ಕಾಣುವುದು ಅಂಡವೇ ಹೊರಬರದ ತೊಂದರೆ. ಇದರ ದೊಡ್ಡ ಕಾರಣ ಹಾರ್ಮೋನುಗಳ ಏರುಪೇರಿನ ಪಿಸಿಒಎಸ್, ಆ ಹೆಸರು ಈಗ ಪ್ರತಿ ಮನೆಯಲ್ಲೂ ಕೇಳುತ್ತದೆ. ತೂಕ ಜಾಸ್ತಿ ಇದ್ದವರು ನೂರಕ್ಕೆ ಐದರಿಂದ ಹತ್ತು ಪಾಲು ಇಳಿಸಿದರೂ ಹಲವರಲ್ಲಿ ಅಂಡ ಬರಲು ಶುರುವಾಗುತ್ತದೆ, ಉಳಿದವರಿಗೆ ಲೆಟ್ರೋಜೋಲ್‌ನಂಥ ಮಾತ್ರೆಯಿದೆ. ಥೈರಾಯ್ಡನ್ನೂ ನೋಡುತ್ತಾರೆ. ಇನ್ನೊಂದು, ಟ್ಯೂಬು ಮುಚ್ಚಿಹೋಗುವುದು. ಇದಕ್ಕೆ ನಮ್ಮ ದೇಶದಲ್ಲಿ ಕ್ಷಯ ಒಂದು ದೊಡ್ಡ ಕಾರಣ. ಟಿಬಿ ಅಂದರೆ ಕೆಮ್ಮು ಎಂದಷ್ಟೇ ನಮಗೆ ಗೊತ್ತು. ಅದು ರಕ್ತದ ಮೂಲಕ ಟ್ಯೂಬಿಗೆ ಇಳಿದು, ಒಂದು ದಿನವೂ ಕೆಮ್ಮಿಸದೆ ದಾರಿಯನ್ನು ಹಾಳು ಮಾಡಬಲ್ಲದು. ಚಿಕ್ಕಂದಿನಲ್ಲಿ ಮನೆಯಲ್ಲಿ ಯಾರಿಗಾದರೂ ಕ್ಷಯ ಇದ್ದರೆ ಡಾಕ್ಟರಿಗೆ ಮರೆಯದೆ ಹೇಳಬೇಕು.

ಚಿಕಿತ್ಸೆಯಲ್ಲಿ ಐಯುಐ ಸಣ್ಣ ಹೆಜ್ಜೆ. ವೀರ್ಯವನ್ನು ತೊಳೆದು, ಚುರುಕಾದವನ್ನು ಸಣ್ಣ ನಳಿಗೆಯಲ್ಲಿ ನೇರ ಗರ್ಭಕೋಶಕ್ಕೆ ಬಿಡುತ್ತಾರೆ. ಟ್ಯೂಬು ತೆರೆದಿದ್ದರೆ ಮಾತ್ರ ಇದಕ್ಕೆ ಅರ್ಥ. ಟ್ಯೂಬೇ ಇಲ್ಲವೆಂದರೆ ಅದರ ಕೆಲಸವನ್ನು ಹೊರಗೆ ಮಾಡಬೇಕು. ಐವಿಎಫ್ ಅಂದರೆ ಇಷ್ಟೇ: ಟ್ಯೂಬಿನಲ್ಲಿ ಆಗಬೇಕಾದ ಮೊದಲ ಕೆಲವು ದಿನಗಳ ಕೆಲಸ ಗಾಜಿನ ತಟ್ಟೆಯಲ್ಲಿ.

ಹತ್ತು ಹನ್ನೆರಡು ದಿನ ಇಂಜೆಕ್ಷನ್ ಕೊಟ್ಟು ಹಲವು ಅಂಡಗಳನ್ನು ಒಟ್ಟಿಗೆ ಬೆಳೆಸುತ್ತಾರೆ. ‘ಹೀಗೆ ಮಾಡಿದ್ರೆ ಸ್ಟಾಕ್ ಬೇಗ ಖಾಲಿಯಾಗಲ್ವಾ?’ ಎಂಬ ಭಯ ಬಹಳ ಜನಕ್ಕಿದೆ. ಆಗುವುದಿಲ್ಲ. ಪ್ರತಿ ತಿಂಗಳೂ ಒಂದು ಗುಂಪು ಅಂಡಗಳು ಬೆಳೆಯಲು ಹೊರಟು, ಒಂದು ಗೆದ್ದು, ಉಳಿದವು ಹೇಗೂ ಸಾಯುತ್ತವೆ. ಇಂಜೆಕ್ಷನ್ ಉಳಿಸಿಕೊಳ್ಳುವುದು ಆ ಸಾಯುವವನ್ನು. ಕೊನೆಯ ಇಂಜೆಕ್ಷನ್ ಕೊಟ್ಟು 34ರಿಂದ 36 ಗಂಟೆಗೆ ಸರಿಯಾಗಿ, ಮಂಪರು ಕೊಟ್ಟು ಸೂಜಿಯಿಂದ ಅಂಡ ತೆಗೆಯುತ್ತಾರೆ. ಆಮೇಲೆ ಹೊಟ್ಟೆ ಜೋರಾಗಿ ಉಬ್ಬಿದರೆ, ಉಸಿರು ಕಟ್ಟಿದರೆ ಗ್ಯಾಸ್ ಎಂದು ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ವೀರ್ಯಾಣು ತೀರಾ ಕಡಿಮೆ ಇದ್ದರೆ ಒಂದೊಂದನ್ನೇ ಹಿಡಿದು ಅಂಡದೊಳಗೆ ಚುಚ್ಚುವ ಇಕ್ಸಿ ಎಂಬ ವಿಧಾನ 1992ರಿಂದ ಇದೆ. ವೀರ್ಯದಲ್ಲಿ ಒಂದೂ ಸಿಗದವರಿಗೆ ಕೆಲವೊಮ್ಮೆ ವೃಷಣದಿಂದಲೇ ತೆಗೆಯಲೂ ಆಗುತ್ತದೆ.

ಪರೇಲಿನ ಮುಂದೆ ಹೋಗುವಾಗಲೆಲ್ಲ ನನಗೆ ಒಂದು ಹೆಮ್ಮೆ. ಅಲ್ಲಿರುವ ಕೆಇಎಂ ಆಸ್ಪತ್ರೆ ಪಾಲಿಕೆಯದ್ದು, ನಮ್ಮ ನಿಮ್ಮಂಥವರು ಸಾಲಿನಲ್ಲಿ ನಿಲ್ಲುವ ಆಸ್ಪತ್ರೆ. 1986ರ ಆಗಸ್ಟ್ 6ರಂದು ಅಲ್ಲಿ ಹುಟ್ಟಿದ ಹೆಣ್ಣು ಮಗುವನ್ನು ಭಾರತದ ಮೊದಲ ಟೆಸ್ಟ್ ಟ್ಯೂಬ್ ಬೇಬಿ ಎಂದು ಸಾರಿದರು. ಡಾ. ಇಂದಿರಾ ಹಿಂದುಜಾ ಮತ್ತು ಪರೇಲಿನಲ್ಲೇ ಇರುವ ಪ್ರಜನನ ಸಂಶೋಧನಾ ಸಂಸ್ಥೆಯ ಡಾ. ಟಿ.ಸಿ. ಆನಂದ್ ಕುಮಾರ್ ಅದರ ಹಿಂದಿದ್ದವರು. ಆದರೆ ‘ಮೊದಲ’ ಎಂಬ ಮಾತಿಗೆ ಒಂದು ತಿದ್ದುಪಡಿ ಇದೆ. ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಇಂಥ ಮಗು ಹುಟ್ಟಿದ್ದು 1978ರ ಜುಲೈ 25ಕ್ಕೆ. ಅದಾಗಿ ಎರಡೇ ತಿಂಗಳು ಕಳೆದು, ಅಕ್ಟೋಬರ್ 3ಕ್ಕೆ, ಕೋಲ್ಕತ್ತದ ಡಾ. ಸುಭಾಷ್ ಮುಖೋಪಾಧ್ಯಾಯರ ಕೈಯಲ್ಲಿ ಒಂದು ಮಗು ಹುಟ್ಟಿತ್ತು. ಅವರನ್ನು ಯಾರೂ ನಂಬಲಿಲ್ಲ. ವಿಚಾರಣೆ, ಅವಮಾನ, ವರ್ಗಾವಣೆ ಎಲ್ಲ ಆಗಿ 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಮುಂದೆ ಅವರ ಟಿಪ್ಪಣಿಗಳನ್ನು ಓದಿ ನೋಡಿದ ಆನಂದ್ ಕುಮಾರ್, ಮೊದಲಿಗರು ಮುಖೋಪಾಧ್ಯಾಯರೇ ಎಂದು 1997ರಲ್ಲಿ ಬಹಿರಂಗವಾಗಿ ಹೇಳಿದರು. ತನ್ನ ತಲೆಯ ಕಿರೀಟವನ್ನು ತಾನೇ ತೆಗೆದು ಇನ್ನೊಬ್ಬರಿಗೆ ಇಡುವ ವಿಜ್ಞಾನಿಗಳು ಎಷ್ಟು ಮಂದಿ ಇದ್ದಾರು?

ಐವಿಎಫ್‌ನಲ್ಲಿ ಗೆಲ್ಲುವ ಸಾಧ್ಯತೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. 35ರೊಳಗಿನವರಿಗೆ ಒಳ್ಳೆಯ ಕೇಂದ್ರದಲ್ಲೂ ಒಂದು ಪ್ರಯತ್ನಕ್ಕೆ ನೂರಕ್ಕೆ 40ರ ಆಸುಪಾಸು. 40 ದಾಟಿ ಸ್ವಂತ ಅಂಡವೇ ಬೇಕೆಂದರೆ ಹತ್ತರಲ್ಲೊಂದು. ಗ್ಯಾರಂಟಿ ಎಂದವರು ಬಿಳಿ ಕೋಟು ಹಾಕಿದ್ದರೂ ಆ ಟ್ರೇನಿನ ಚೀಟಿಯ ಬಾಬಾನ ತಮ್ಮಂದಿರೇ. ಕಾನೂನೂ ಗೊತ್ತಿರಲಿ. 2021ರ ಕಾಯ್ದೆಯ ಪ್ರಕಾರ ಕ್ಲಿನಿಕ್ಕಿಗೆ ನೋಂದಣಿ ಇರಲೇಬೇಕು, ಚಿಕಿತ್ಸೆ ಹೆಂಗಸರಿಗೆ 50, ಗಂಡಸರಿಗೆ 55 ವರ್ಷದವರೆಗೆ. ಗಂಡೋ ಹೆಣ್ಣೋ ಆರಿಸಿ ಕೊಡುತ್ತೇವೆ ಎನ್ನುವುದು ಅಪರಾಧ. ಬಾಡಿಗೆ ತಾಯ್ತನಕ್ಕೆ ಹಣದ ವ್ಯವಹಾರ ಈಗ ನಿಷಿದ್ಧ. ಊರಲ್ಲಿ ಕುಕ್ಕೆಗೆ ಹರಕೆ ಹೊತ್ತವರಿಗೆ ಬೇಡ ಎನ್ನಲು ನಾನು ಯಾರು? ಆಶ್ಲೇಷ ಬಲಿ ಮಾಡಿಸಿ, ಮುಂದಿನ ವಾರ ರಿಪೋರ್ಟೂ ಮಾಡಿಸಿ. ಒಂದು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ.

ಇಷ್ಟು ದಾರಿ ಗೊತ್ತಾದರೆ ಬಸಿರು ಬೇಡದವರ ಪಾಠ ಅರ್ಧ ಮುಗಿದ ಹಾಗೇ. ಅದೇ ದಾರಿಯಲ್ಲಿ ಎಲ್ಲಿ ಅಡ್ಡ ಕಟ್ಟಬೇಕು ಎನ್ನುವುದಷ್ಟೇ ಪ್ರಶ್ನೆ. ದಿನದ ಮಾತ್ರೆ ಭಾನುವಾರದ ಮೆಗಾ ಬ್ಲಾಕ್ ಇದ್ದ ಹಾಗೆ, ಟ್ರೇನೇ ಹೊರಡುವುದಿಲ್ಲ, ಅಂಡ ಹೊರಬರುವುದಿಲ್ಲ. ಕಾಂಡೋಮ್ ಪ್ರಯಾಣಿಕರನ್ನು ಗೇಟಿನಲ್ಲೇ ತಡೆಯುತ್ತದೆ, ರೋಗಗಳನ್ನೂ. ಕಾಪರ್ ಟಿಯ ತಾಮ್ರ ವೀರ್ಯಾಣುಗಳಿಗೆ ವಿಷ. ಒಮ್ಮೆ ಹಾಕಿಸಿದರೆ 10 ವರ್ಷ ಕೆಲಸ ಮಾಡುವ ಬಗೆಯೂ ಇದೆ. ಒಂದು ವರ್ಷದಲ್ಲಿ ಕೈಕೊಡುವ ಲೆಕ್ಕ ನೋಡಿ: ನೂರು ಜೋಡಿಗಳಲ್ಲಿ ‘ಹೊರಗೆ ಬಿಡುವ’ ಉಪಾಯದಿಂದ 20, ಕಾಂಡೋಮಿನಿಂದ 13, ಮಾತ್ರೆಯಿಂದ 7, ಕಾಪರ್ ಟಿಯಿಂದ ಒಂದಕ್ಕಿಂತ ಕಡಿಮೆ. ಮಾತ್ರೆ ಕೆಟ್ಟದ್ದೆಂದಲ್ಲ, ನಾವು ಮರೆಯುತ್ತೇವೆ. ಸರಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಸಿಗುವ ‘ಛಾಯಾ’ ಹಾರ್ಮೋನಿಲ್ಲದ ಮಾತ್ರೆ, ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ್ದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು.

ತುರ್ತು ಮಾತ್ರೆಯ ಬಗ್ಗೆ ಮಾತ್ರ ಗಲಿಬಿಲಿ ಹೆಚ್ಚು. ಅದು ಗರ್ಭಪಾತದ ಮಾತ್ರೆ ಅಲ್ಲ. ಅಂಡ ಹೊರಬರುವುದನ್ನು ಮುಂದೂಡುತ್ತದೆ, ಅಷ್ಟೇ. 72 ಗಂಟೆಯೊಳಗೆ ಎಂದು ಬರೆದಿದ್ದರೂ ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು. ಅಂಡ ಆಗಲೇ ಬಂದುಬಿಟ್ಟಿದ್ದರೆ ಅದರ ಆಟ ನಡೆಯುವುದಿಲ್ಲ. ಬಸಿರು ನಿಂತಾಗಿದ್ದರೆ ಅದನ್ನು ಕೆಡಿಸುವುದೂ ಇಲ್ಲ.

ಈ ಮಾತುಗಳನ್ನು ಬರೆಯಲು ನನಗೀಗ ಭಯವಿಲ್ಲ. ಇದೇ ಮುಂಬಯಿಯಲ್ಲಿ 1921ರಲ್ಲಿ ರಘುನಾಥ ಧೋಂಡೊ ಕರ್ವೆ ಎಂಬ ಗಣಿತದ ಮೇಷ್ಟ್ರು ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದರು. ಕಾಲೇಜಿನ ಕೆಲಸ ಹೋಯಿತು. ಮರಾಠಿಯಲ್ಲಿ ಇದೇ ವಿಷಯಕ್ಕೆ ಪತ್ರಿಕೆ ನಡೆಸಿದ್ದಕ್ಕೆ ಅಶ್ಲೀಲತೆಯ ಕೇಸು ಬಿತ್ತು. 1934ರಲ್ಲಿ ಅವರ ಪರ ವಾದಿಸಿದ ವಕೀಲರು ಡಾ. ಅಂಬೇಡ್ಕರ್. ಕರ್ವೆಯವರ ಕ್ಲಿನಿಕ್ ತೆರೆದು ಒಂಬತ್ತು ವರ್ಷಕ್ಕೆ, 1930ರಲ್ಲಿ, ನಮ್ಮ ಮೈಸೂರು ಸಂಸ್ಥಾನ ಸರಕಾರದ ವತಿಯಿಂದಲೇ ಇಂಥ ಕ್ಲಿನಿಕ್ ತೆರೆಯಿತು.

ಇಷ್ಟಾಗಿಯೂ ಭಾರ ಯಾರ ಮೇಲಿದೆ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮಕ್ಕಳಾಗದ ಹಾಗೆ ಮಾಡಿಸುವ ಆಪರೇಷನ್ ಹೆಂಗಸರದ್ದು ನೂರಕ್ಕೆ 37.9, ಗಂಡಸರದ್ದು 0.3. ಗಂಡಸಿಗೆ ಅದು ಹೊಲಿಗೆಯೂ ಇಲ್ಲದ ಕೆಲವೇ ನಿಮಿಷಗಳ ಕೆಲಸ. ಶಕ್ತಿ ಹೋಗುವುದಿಲ್ಲ, ಹಾರ್ಮೋನು ಅಷ್ಟೇ ಇರುತ್ತದೆ, ವೀರ್ಯವೂ ಬರುತ್ತದೆ, ಒಳಗೆ ವೀರ್ಯಾಣು ಇರುವುದಿಲ್ಲ ಅಷ್ಟೇ. ದಾರಿಯಲ್ಲಿ ಮೊದಲೇ ಹೊರಟವು ಖಾಲಿಯಾಗಲು ಮಾತ್ರ ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಕಾಂಡೋಮ್, ಆಮೇಲೆ ಒಂದು ಪರೀಕ್ಷೆ. 

ಮೊಲೆ ಹಾಲು ಕುಡಿಸುವವರೆಗೆ ಬಸಿರು ನಿಲ್ಲುವುದಿಲ್ಲ ಎಂಬ ಅಜ್ಜಿಯರ ಮಾತಿಗೂ ವಿಜ್ಞಾನದಲ್ಲಿ ಜಾಗವಿದೆ. ಆದರೆ ಮೂರು ಷರತ್ತು ಒಟ್ಟಿಗೆ ಇರಬೇಕು: ಮಗುವಿಗೆ ಆರು ತಿಂಗಳು ದಾಟಿರಬಾರದು, ಹಗಲೂ ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡಬಾರದು, ಮುಟ್ಟು ಮರಳಿರಬಾರದು. ಒಂದು ಮುರಿದರೂ ನಂಬಿಕೆ ಬೇಡ. ಏಕೆಂದರೆ ಅಂಡ ಮೊದಲು ಬರುತ್ತದೆ, ಮುಟ್ಟು ಅದಾಗಿ 14 ದಿನಕ್ಕೆ. ಕುಂದಾಪುರದ ಮನೆಯಲ್ಲಿ ನನ್ನ ಅಣ್ಣನಿಗೆ ಮೂರು ತಿಂಗಳು ತುಂಬುತ್ತಲೇ ಅಜ್ಜಿ ರಾಗಿ ಮಣ್ಣಿ ಶುರು ಮಾಡಿದರಂತೆ. ಅಮ್ಮ ಮುಟ್ಟನ್ನೇ ಕಾಣದೆ ಮತ್ತೆ ಬಸಿರಾದಳು. ಅಣ್ಣನಿಗೂ ನನಗೂ ಹದಿನಾಲ್ಕೇ ತಿಂಗಳ ಅಂತರ.